ಬ್ಯಾಣದ ಇಳಿಜಾರಿನಲ್ಲಿ ಸೈಕಲ್ ದಾರಿ: ನನ್ನ ಅನುಭವ

ಆರಿದ್ರಾ ಮಳೆ ಹಿಡಿದು ನಾಲ್ಕನೆಯ ದಿನ. ತೋಟಕ್ಕೆ ಹೋಗಿ ಬಂದ ಅಮ್ಮ ಕಂಬಳಿ ತೆಗೆಯುವ ಮೊದಲೇ ಹೇಳಿದರು: "ಮೇಲಿನ ಬಸಿಗಾಲುವೆ ತುಂಬ ಕೆಮ್ಮಣ್ಣು ಕೂತಿದೆ. ನೀರೆಲ್ಲ ಅಡಿಕೆ ಬುಡಕ್ಕೆ ಹತ್ತುತ್ತಿದೆ." ಆ ಮಣ್ಣು ಎಲ್ಲಿಂದ ಬಂತೆಂದು ನನಗೆ ನೋಡದೆಯೇ ಗೊತ್ತಾಯಿತು. ಹಿಂದಿನ ಬೇಸಿಗೆಯಲ್ಲಿ ಮನೆಯ ಹಿಂದಿನ ಬ್ಯಾಣದಲ್ಲಿ, ಎಂದರೆ ದನ ಮೇಯುವ ಹುಲ್ಲಿನ ಗುಡ್ಡದಲ್ಲಿ, ನಾನು ಕಡಿದಿದ್ದ ಸೈಕಲ್ ದಾರಿಯೇ ಕೊಚ್ಚಿಕೊಂಡು ಬಂದು ತೋಟದಲ್ಲಿ ಮಲಗಿತ್ತು. ಮೂರು ದಿನ ಮಳೆಯಲ್ಲೇ ನಿಂತು ಹೂಳು ಎತ್ತಿದೆ. ದಾರಿಯನ್ನು ಬಿಡುವುದಿಲ್ಲ, ಆದರೆ ಮತ್ತೆ ಹೀಗಂತೂ ಕಡಿಯುವುದಿಲ್ಲ ಎಂದು ತೀರ್ಮಾನಿಸಿದ್ದು ಆ ಮೂರು ದಿನಗಳಲ್ಲಿಯೇ.

ನಮ್ಮ ಮನೆ ತೀರ್ಥಹಳ್ಳಿ ಮತ್ತು ಹೊಸನಗರಗಳ ನಡುವಿನ ಒಂದು ಹಳ್ಳಿಯಲ್ಲಿದೆ. ಕೆಳಗೆ ಗದ್ದೆ, ನಡುವೆ ತೋಟ, ಮೇಲೆ ಗೇರುಮರಗಳಿರುವ ಬ್ಯಾಣ. ಬ್ಯಾಣದ ತಲೆಯಿಂದ ತೋಟದ ಬೇಲಿಯವರೆಗೆ ಸುಮಾರು 70 ಮೀಟರ್ ಇಳಿಕೆ, ನೇರ ನಡೆದರೆ 300 ಮೀಟರ್ ದೂರ. ಆಲ್ಪ್ಸ್ ಕಣಿವೆಗಳಲ್ಲಿ ಬೇಸಿಗೆ ಬಂತೆಂದರೆ ಸ್ಕೀ ಲಿಫ್ಟಿಗೆ ಸೈಕಲ್ ನೇತುಹಾಕಿಕೊಂಡು ಮೇಲೇರಿ, ಹುಲ್ಲುಗಾವಲಿನ ನಡುವೆ ಇಳಿದು ಬರುವವರನ್ನು ನಾನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಆ ವೇಗ ನಮ್ಮ ಬ್ಯಾಣಕ್ಕೂ ಬೇಕೆನಿಸಿತು. ಹಾಗಾಗಿ ಮೇಲಿನಿಂದ ಕೆಳಗೆ, ದನ ಇಳಿಯುವ ಸವಕಲು ಜಾಡನ್ನೇ ಅಗಲ ಮಾಡಿ ನೇರವಾಗಿ ಕಡಿದೆ. ಹದಿನೈದು ದಿನದ ಕೆಲಸ. ಇಳಿಯಲು ಒಂದು ನಿಮಿಷವೂ ಬೇಡ. ಆ ಬೇಸಿಗೆಯ ಸಂತೋಷ ಸುಳ್ಳಲ್ಲ.

ತಪ್ಪಿದ್ದದ್ದು ಅದರ ರೇಖೆಯಲ್ಲಿ. ಗುಡ್ಡದ ಮೇಲೆ ಒಂದು ಚೆಂಡು ಬಿಟ್ಟರೆ ಅದು ಯಾವ ಗೆರೆಯಲ್ಲಿ ಉರುಳುತ್ತದೆಯೋ ಅದೇ ಗೆರೆಯಲ್ಲಿ ನೀರೂ ಇಳಿಯುತ್ತದೆ. ಆ ಗೆರೆಯ ಮೇಲೆ ದಾರಿ ಮಾಡಿದರೆ ಅದು ದಾರಿಯಲ್ಲ, ಕಾಲುವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಚಕ್ರ ಉಜ್ಜಿ ಸಡಿಲವಾದ ಮಣ್ಣಿಗೆ ಇಷ್ಟು ನೀರು ಸಾಕಾಗಿ ಹೋಯಿತು. ಮಳೆ ನಿಂತ ಮೇಲೆ ಅಳತೆ ಹಿಡಿದು ನೋಡಿದರೆ ಕೊರಕಲು ಕೆಲವು ಕಡೆ ಮೊಣಕಾಲಿನಷ್ಟು ಆಳವಾಗಿತ್ತು.

ನನಗೆ ಪಾಠ ಹೇಳಿದವರು ನಮ್ಮ ತೋಟದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಹಿರಿಯರು. ಸೈಕಲ್ ದಾರಿಯ ವಿಷಯ ಅವರಿಗೆ ಹೊಸದು, ನೀರಿನ ವಿಷಯ ಹೊಸದಲ್ಲ. ಪುಷ್ಯ ಮಳೆ ಜೋರಾಗಿದ್ದ ಒಂದು ಬೆಳಗ್ಗೆ ಅವರೇ ಬಂದು ಕರೆದರು, "ಈಗ ಬನ್ನಿ, ಬೇಸಿಗೆಯಲ್ಲಿ ನೋಡಿದರೆ ಏನು ಕಾಣುತ್ತದೆ?" ಕಾಲಿಗೆ ಸುಣ್ಣ ಮತ್ತು ಹೊಗೆಸೊಪ್ಪಿನ ನೀರು ಸವರಿಕೊಂಡು ರಕ್ತ ಹೀರುವ ಉಂಬಳಗಳ ನಡುವೆ ಎರಡು ಗಂಟೆ ಬ್ಯಾಣವಿಡೀ ಅಡ್ಡಡ್ಡ ನಡೆದೆವು. ನೀರು ಎಲ್ಲಿ ಹಾಳೆಯಂತೆ ತೆಳ್ಳಗೆ ಹರಡಿ ಇಳಿಯುತ್ತದೆ, ಎಲ್ಲಿ ಒಟ್ಟುಗೂಡಿ ಸದ್ದು ಮಾಡುತ್ತದೆ, ಎಲ್ಲಿ ನೆಲದೊಳಗಿನಿಂದ ಒರತೆ ಏಳುತ್ತದೆ ಎಂದು ಅವರು ಕತ್ತಿಯಿಂದ ತೋರಿಸುತ್ತಾ ಹೋದರು. ನಾನು ಪ್ರತಿಯೊಂದು ಕಡೆಗೂ ಬಿದಿರಿನ ಗೂಟ ಹೊಡೆದೆ. ದಾರಿ ಕಡಿಯಲು ಹೊರಡುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಗುದ್ದಲಿ ಮುಟ್ಟುವ ಮೊದಲು ಒಂದು ಪೂರ್ತಿ ಮಳೆಗಾಲ ಆ ನೆಲವನ್ನು ನಡೆದು ನೋಡಿ.

ಅಳತೆಯ ನಿಯಮಗಳು ಓದಿ ಸಿಕ್ಕವು. 1988ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕಲ್ ಸಂಘದವರು ಬಳಕೆಗೆ ತಂದ ಎರಡು ಸೂತ್ರಗಳನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಒಂದು, ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟದೆ ದಾರಿಯುದ್ದಕ್ಕೂ ಓಡುತ್ತದೆ. ಎರಡು, ಒಟ್ಟಾರೆ ಇಳಿಜಾರು ಸರಾಸರಿ ಶೇಕಡಾ 10ರೊಳಗೆ, ಎಂದರೆ ನೂರು ಮೀಟರಿಗೆ ಹತ್ತು ಮೀಟರ್ ಇಳಿಕೆಯೊಳಗೆ ಇರಬೇಕು. ನಮ್ಮ ಬ್ಯಾಣದ ಇಳಿಜಾರು ಸರಾಸರಿ ಶೇಕಡಾ 23. ಅದನ್ನು ನೇರ ಇಳಿದಿದ್ದ ನನ್ನ ಹಳೆಯ ದಾರಿಯದೂ ಅಷ್ಟೇ. ಹೊಸ ದಾರಿಯನ್ನು ಬೆಟ್ಟದ ಮೈಗೆ ಅಡ್ಡವಾಗಿ ಹಾವಿನಂತೆ ಎಳೆದು 1100 ಮೀಟರಿಗೆ ಹಿಗ್ಗಿಸಿದೆ. ಸರಾಸರಿ ಇಳಿಜಾರು ಶೇಕಡಾ 6ರಿಂದ 7ಕ್ಕೆ ಬಂತು. ಗೇರುಮರಗಳ ಕೆಳಗೆ ಬ್ಯಾಣ ಶೇಕಡಾ 12ರಷ್ಟು ಮಾತ್ರ ಓರೆಯಾಗಿದೆ. ಅಲ್ಲಿ ದಾರಿ ಶೇಕಡಾ 6 ದಾಟುವಂತಿಲ್ಲ. ಮಂದ ಇಳಿಜಾರು ಸುರಕ್ಷಿತ ಎಂದುಕೊಂಡು ಬಹಳ ಜನ ಮೋಸಹೋಗುವುದು ಇಂಥ ಜಾಗದಲ್ಲಿಯೇ. ಅಳೆಯಲು ದುಬಾರಿ ಸಾಧನ ಬೇಡ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ಕೋಲು ಹಿಡಿದು, ಹತ್ತು ಮೀಟರಿಗೆ ಎಷ್ಟು ಸೆಂಟಿಮೀಟರ್ ಇಳಿಯಿತೆಂದು ನೋಡಿದರೆ ಸಾಕು.

ನವೆಂಬರಿನಲ್ಲಿ ಕಡಿಯಲು ಶುರು ಮಾಡಿದೆವು, ನಾನು ಮತ್ತು ಪಕ್ಕದ ಮನೆಯ ಗೆಳೆಯ. ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಆಳುಗಳನ್ನು ಕೇಳುವ ಮಾತೇ ಇರಲಿಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ಸರಾಸರಿ 12 ಮೀಟರ್. ಎರಡು ಬೇಸಿಗೆ ಹಿಡಿಯಿತು. ದಾರಿಯ ಅಗಲ 80 ಸೆಂಟಿಮೀಟರ್. ಈ ಅಗಲವನ್ನು ಪೂರ್ತಿಯಾಗಿ ಗುಡ್ಡದ ಮೈಯನ್ನೇ ಕಡಿದು ಪಡೆಯಬೇಕು. ಅರ್ಧ ಕಡಿದು, ತೆಗೆದ ಮಣ್ಣನ್ನೇ ಹೊರ ಅಂಚಿಗೆ ತುಂಬಿ ದಾರಿ ಎಂದು ಕರೆಯುವ ಆಸೆ ಎಲ್ಲರಿಗೂ ಬರುತ್ತದೆ, ಕೆಲಸ ಅರ್ಧಕ್ಕೆ ಇಳಿಯುತ್ತದೆ. ಆದರೆ ಹಾಗೆ ತುಂಬಿದ ಮಣ್ಣು ಮೊದಲ ಮಳೆಗೇ ಕೂರುತ್ತದೆ, ಎರಡನೆಯದಕ್ಕೆ ಜಾರುತ್ತದೆ. ತೆಗೆದ ಮಣ್ಣನ್ನೆಲ್ಲ ಹೆಡಿಗೆಯಲ್ಲಿ ಹೊತ್ತು ದೂರಕ್ಕೆ ತೆಳ್ಳಗೆ ಎರಚಿದೆವು. ಒಳಬದಿಯ ದರೆಯನ್ನು, ಎಂದರೆ ಕಡಿದ ಗುಡ್ಡದ ಮೈಯನ್ನು, ಗೋಡೆಯಂತೆ ನೆಟ್ಟಗೆ ಬಿಡದೆ ಹಿಂದಕ್ಕೆ ಓರೆ ಮಾಡಿ ಸವರಿದೆವು. ನೆಟ್ಟಗಿನ ದರೆ ಮಲೆನಾಡಿನಲ್ಲಿ ಎಷ್ಟು ದಿನ ನಿಲ್ಲುತ್ತದೆಂದು ರಸ್ತೆಬದಿಯಲ್ಲಿ ಮನೆ ಕಟ್ಟಿದವರೆಲ್ಲ ಬಲ್ಲರು. ದಾರಿಯ ಮೈ ಹೊರಗಡೆಗೆ ಶೇಕಡಾ 5ರಷ್ಟು, ಎಂದರೆ 80 ಸೆಂಟಿಮೀಟರಿಗೆ 4 ಸೆಂಟಿಮೀಟರ್ ವಾಲಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಕಾಣುತ್ತದೆ.

ಇಷ್ಟಾದರೂ ಚಕ್ರ ಓಡಾಡಿದಂತೆ ನಡುವೆ ಒಂದು ತಗ್ಗು ಗೆರೆ ಬಿದ್ದೇ ಬೀಳುತ್ತದೆ, ನೀರು ಅದನ್ನು ಹಿಡಿಯುತ್ತದೆ. ಅದಕ್ಕಾಗಿಯೇ ಹದಿನೈದು ಇಪ್ಪತ್ತು ಮೀಟರಿಗೊಮ್ಮೆ ದಾರಿ ಇಳಿಯುವುದನ್ನು ನಿಲ್ಲಿಸಿ ಒಂದೆರಡು ಗಾಲಿ ಉದ್ದ ಮೇಲಕ್ಕೇರಿ ಮತ್ತೆ ಇಳಿಯಬೇಕು. ತಗ್ಗಿನಲ್ಲಿ ನೀರು ಹೊರಕ್ಕೆ ಚೆಲ್ಲಿಹೋಗುತ್ತದೆ. ಬಿದಿರಿನ ಗೂಟಗಳು ಇಲ್ಲಿ ಕೆಲಸಕ್ಕೆ ಬಂದವು: ನೀರು ತಾನಾಗಿ ದಾಟುತ್ತಿದ್ದ ಕಡೆಗಳಲ್ಲೇ ತಗ್ಗುಗಳನ್ನು ಇಟ್ಟೆ. ಸೈಕಲ್ಲಿಗೂ ಅದೇ ಚೆಂದ. ತಗ್ಗಿಗೆ ಇಳಿದಾಗ ಮೈಯನ್ನು ಒತ್ತಿ, ಉಬ್ಬಿನ ಮೇಲೆ ಹಗುರಾಗಿಸಿದರೆ ಪೆಡಲ್ ತುಳಿಯದೆಯೇ ವೇಗ ಸಿಗುತ್ತದೆ. ಹಳೆಯ ನೇರ ದಾರಿಯಲ್ಲಿ ನನಗಿದ್ದದ್ದು ಬರೀ ಓಟ. ಈ ದಾರಿಗೆ ಲಯವಿದೆ.

ನಮ್ಮ ನೆಲದಲ್ಲಿ ಓಡಿಸುವವರಿಗೆ ಒಂದು ಮಾತು. ಜಂಬಿಟ್ಟಿಗೆಯ ಗಟ್ಟಿ ನೆಲದ ಮೇಲೆ ಹರಡಿದ ಗುಂಡುಹರಳು ಚಕ್ರದಡಿ ಕಡಲೆ ಚೆಲ್ಲಿದಂತೆ ಉರುಳುತ್ತದೆ. ತಿರುವಿನೊಳಗೆ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಹೇಳದೆ ಕೇಳದೆ ಜಾರುತ್ತದೆ. ನನ್ನ ಎಡ ಮೊಣಕೈ ಅದಕ್ಕೆ ಸಾಕ್ಷಿ. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಬೇಕು. ನನ್ನ 68 ಕಿಲೋ ತೂಕಕ್ಕೆ ಟ್ಯೂಬ್ ಇಲ್ಲದ ಟೈರಿನಲ್ಲಿ ಮುಂದೆ 22, ಹಿಂದೆ 25 ಪಿಎಸ್‌ಐ ಗಾಳಿ ಹಿಡಿತಕ್ಕೆ ಸರಿಹೋಗಿದೆ. ಡಿಸ್ಕ್ ಬ್ರೇಕ್ ಇರುವ ಈ ಕಾಲದಲ್ಲಿ ಇಳಿಯುವುದು ಎಷ್ಟು ಸುಲಭವೆಂದು ನೆನೆಯುತ್ತೇನೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೆಯ ಭಾರದ ಸೈಕಲ್ಲುಗಳನ್ನು ಪಂದ್ಯ ಕಟ್ಟಿ ಗುಡ್ಡದಿಂದ ಇಳಿಸುತ್ತಿದ್ದವರ ಹಿಂಬ್ರೇಕಿನೊಳಗಿನ ಗ್ರೀಸ್ ಒಂದೇ ಇಳಿತಕ್ಕೆ ಕಾದು ಹೊಗೆಯಾಗುತ್ತಿತ್ತು. ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಆ ಪಂದ್ಯಕ್ಕೆ 'ರೀಪ್ಯಾಕ್' ಎಂಬ ಹೆಸರೇ ಅದರಿಂದ ಬಂತು.

ನಾವು ಓಡಿಸುವ ಒಣ ತಿಂಗಳುಗಳು ಮಂಗನ ಕಾಯಿಲೆಯ ತಿಂಗಳುಗಳೂ ಹೌದು. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇದು. ಹರಡುವುದು ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಹುಳುಗಳಿಂದ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣ್ಣೆಗಳು, ಅವು ಇರುವುದು ದರಗಿನಲ್ಲಿ, ಎಂದರೆ ಉದುರಿದ ಒಣ ಎಲೆಗಳಲ್ಲಿ. ಡಿಸೆಂಬರಿನಿಂದ ಮೇವರೆಗೆ ನಾನು ಉದ್ದ ಪ್ಯಾಂಟು ಹಾಕಿ, ಕಾಲುಚೀಲದೊಳಗೆ ತುರುಕಿ, ಆರೋಗ್ಯ ಇಲಾಖೆ ಕೊಡುವ ಉಣ್ಣೆ ನಿವಾರಕ ಎಣ್ಣೆ ಹಚ್ಚಿಕೊಂಡೇ ಹೊರಡುತ್ತೇನೆ. ಸುಸ್ತಾದರೂ ದರಗಿನ ಮೇಲೆ ಕೂರುವುದಿಲ್ಲ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ ಬಕೆಟ್ಟಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇನೆ, ಆ ಕಡೆ ದಾರಿ ಮುಚ್ಚುತ್ತೇನೆ.

ಬ್ಯಾಣದ ಮೇಲಿನ ಸೊಪ್ಪಿನಬೆಟ್ಟಕ್ಕೆ ದಾರಿಯನ್ನು ಏರಿಸಿಲ್ಲ. ಅಲ್ಲಿ ನಮಗಿರುವುದು ಸೊಪ್ಪು, ದರಗು ತರುವ ಹಕ್ಕು. ದಾರಿ ಕಡಿಯುವ ಹಕ್ಕಲ್ಲ. 1343 ಮೀಟರ್ ಎತ್ತರದ ಕೊಡಚಾದ್ರಿಯಿಂದ ಸೈಕಲ್ ಇಳಿಸೋಣ ಎಂದು ಶಿವಮೊಗ್ಗದ ಹುಡುಗರು ಆಗಾಗ ಕೇಳುತ್ತಾರೆ. ಅದು ಮೂಕಾಂಬಿಕಾ ಅಭಯಾರಣ್ಯದೊಳಗಿನ ಬೆಟ್ಟ, ಅನುಮತಿಯಿಲ್ಲದೆ ಅಲ್ಲಿ ಹೊಸ ಜಾಡು ಬೀಳಿಸುವುದು ಕಾನೂನಿಗೂ ಕಾಡಿಗೂ ಮಾಡುವ ಅಪಚಾರ. ಖಾತೆ ಜಮೀನಿನಲ್ಲಿ, ಹಳೆಯ ಗಾಡಿದಾರಿಗಳಲ್ಲಿ, ತೋಟಗಳ ನಡುವಿನ ಮಣ್ಣುರಸ್ತೆಗಳಲ್ಲಿ ಇನ್ನೂ ಎಷ್ಟೋ ಇದೆ.

ನಮ್ಮ ದಾರಿಯಲ್ಲಿ ನಡೆಯುವವರಿಗೆ ಮೊದಲ ಹಕ್ಕು. ಸೌದೆ ಹೊತ್ತವರು ಎದುರಾದರೆ ಸೈಕಲ್ ಇಳಿದು ದರೆಗೆ ಒತ್ತಿ ನಿಲ್ಲುತ್ತೇನೆ. ಬೇಲಿಯ ಬಾಯಿಗೆ ಅಡ್ಡ ಹಾಕಿದ ಉಣುಗೋಲು ತೆಗೆದವರೇ ಮತ್ತೆ ಹಾಕಬೇಕು. ಸಂಜೆ ನಾಲ್ಕೂವರೆಯ ಮೇಲೆ ಯಾರೂ ಓಡಿಸುವುದಿಲ್ಲ, ಆ ಹೊತ್ತು ಕಾಡುಕೋಣಗಳದ್ದು. ಅವು ನಾವು ಕಡಿದ ದಾರಿಯನ್ನೇ ಇಷ್ಟಪಟ್ಟು ಬಳಸುತ್ತವೆ, ಅದೂ ಹೊರ ಅಂಚಿನಲ್ಲಿಯೇ ನಡೆದು ಅಂಚನ್ನು ಮುರಿಯುತ್ತವೆ. ಪ್ರತಿ ಅಕ್ಟೋಬರಿನಲ್ಲಿ ಆ ಅಂಚು ಸರಿಪಡಿಸುವುದೇ ಮೊದಲ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿ ಪೂರ್ತಿ ಬಂದ್. ಹಸಿ ಮಣ್ಣಿನಲ್ಲಿ ಒಂದು ಸಲ ಓಡಿಸಿದ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ.

ಹೊಸ ದಾರಿ ಮುಗಿದ ಮೇಲೆ ಎರಡು ಮಳೆಗಾಲ ಕಳೆದಿವೆ. ಬಸಿಗಾಲುವೆಯಲ್ಲಿ ತಿಳಿನೀರು ಹರಿಯುತ್ತಿದೆ, ಅಮ್ಮ ಅದರ ವಿಷಯ ಎತ್ತಿಲ್ಲ. ಸಂಕಕ್ಕಿಂತ, ಎಂದರೆ ಕಾಲುಸೇತುವೆಗಿಂತ, ಮೇಲಿನ ನಲವತ್ತು ಮೀಟರ್ ಮಾತ್ರ ಇನ್ನೂ ಸರಿಯಿಲ್ಲ. ಅಲ್ಲಿ ಒರತೆಯೊಂದು ದರೆಯ ಬುಡದಿಂದಲೇ ಏಳುತ್ತದೆ, ಡಿಸೆಂಬರಿನವರೆಗೂ ಕೆಸರು. ಈ ಸಲ ಹಿರಿಯರ ಜೊತೆ ಹೋಗಿ ಒರತೆಗಿಂತ ಮೇಲೆ ಹೊಸ ಗೂಟಗಳನ್ನು ಹೊಡೆದು ಬಂದಿದ್ದೇನೆ. ಕೊಯ್ಲು ಮುಗಿದ ಕೂಡಲೇ ಅಲ್ಲಿಂದ ಕಡಿಯಲು ಶುರು.