ಬುದ್ಧಿಹಲ್ಲು ತೆಗೆಸುವ ಮೊದಲು, ಆ ದಿನ, ಮತ್ತೆ ಮುಖ್ಯವಾಗಿ ಮೂರನೇ ದಿನ

ನಮ್ಮ ಚಿಕ್ಕಮ್ಮನ ಬುದ್ಧಿಹಲ್ಲು ತೆಗೆದು ಮೂರನೇ ದಿನ ರಾತ್ರಿ ಹನ್ನೊಂದು ಗಂಟೆಗೆ ಬದಿಯಡ್ಕದಿಂದ ಫೋನ್ ಬಂತು, ನೋವು ಕಿವಿಯೊಳಗೆ ಹೋಗಿ ಕೂತಿದೆ, ತೆಗೆದ ದಿನ ಕೂಡ ಇಷ್ಟು ಇರ್ಲಿಲ್ಲ, ಎಂತ ಮಾಡುವುದು ಅಂತ. ಮರುದಿನ ಕರ್ಕೊಂಡು ಹೋದಾಗ ಡಾಕ್ಟ್ರು ಬಾಯಿ ನೋಡಿದ ಕೂಡ್ಲೇ ಹೇಳಿದ್ರು, ಡ್ರೈ ಸಾಕೆಟ್, ಗುಂಡಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತ ಕಿತ್ತುಹೋಗಿ ಎಲುಬು ತೆರೆದುಕೊಂಡಿದೆ ಅಂತ. ಕಾರಣ ಹುಡುಕಿದ್ರೆ ಚಿಕ್ಕಮ್ಮ ಮೊದಲನೇ ದಿನ ಸಂಜೆಯಿಂದಲೇ ಉಪ್ಪುನೀರು ಹಾಕಿ ಜೋರಾಗಿ ಮುಕ್ಕಳಿಸಿ ಮುಕ್ಕಳಿಸಿ ಉಗಿದಿದ್ರು, ಬಾಯಿ ಶುಚಿಯಾಗಿರ್ಲಿ ಅಂತ. ಹಾಗೆ ಮಾಡ್ಬಾರ್ದು ಅಂತ ಕ್ಲಿನಿಕ್ಕಿನವರು ಕೊಟ್ಟ ಕಾಗದದಲ್ಲಿ ಬರೆದಿತ್ತು, ಆದ್ರೆ ಮಲಯಾಳದಲ್ಲಿ ಬರೆದಿತ್ತು. ಚಿಕ್ಕಮ್ಮ ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಮಾತಾಡ್ತಾರೆ, ಓದ್ಲಿಕ್ಕೆ ಬರುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಂಥ ಕಾಗದಗಳು ನಮ್ಮ ಹಿರಿಯರ ಕೈಗೆ ಬರ್ತಾನೇ ಇವೆ, ಯಾರೂ ಓದಿ ಹೇಳುವುದಿಲ್ಲ. ಅದಕ್ಕೇ ಆ ಕಾಗದದಲ್ಲಿ ಇರಬೇಕಾದ್ದನ್ನೆಲ್ಲ ಕನ್ನಡದಲ್ಲಿ, ಕ್ರಮವಾಗಿ ಇಲ್ಲಿ ಬರೀತಾ ಇದ್ದೇನೆ.

ತೆಗೆಯಲೇಬೇಕಾ?

ಬುದ್ಧಿಹಲ್ಲು ಅಂದ್ರೆ ಬಾಯಿಯ ನಾಲ್ಕು ಮೂಲೆಯಲ್ಲಿ ಕೊನೆಗೆ ಬರುವ ಮೂರನೇ ದವಡೆಹಲ್ಲು, ಸಾಮಾನ್ಯವಾಗಿ 17ರಿಂದ 25 ವಯಸ್ಸಿನ ಒಳಗೆ ಬರ್ತದೆ. ಕೆಲವರಿಗೆ ನಾಲ್ಕೂ ಬರ್ತದೆ, ಕೆಲವರಿಗೆ ಒಂದೂ ಬರುವುದಿಲ್ಲ. ಅಷ್ಟೊತ್ತಿಗೆ ಹಲವರ ದವಡೆಯಲ್ಲಿ ಜಾಗ ಉಳಿದಿರುವುದಿಲ್ಲ, ಹಾಗಾಗಿ ಹಲ್ಲು ಓರೆಯಾಗಿ ಮುಂದಿನ ಹಲ್ಲಿಗೆ ಒತ್ತಿಕೊಂಡು ನಿಲ್ತದೆ, ಕೆಲವೊಮ್ಮೆ ಪೂರ್ತಿ ಅಡ್ಡ ಮಲಗಿಬಿಡ್ತದೆ. ಅರ್ಧ ಹೊರಗೆ ಅರ್ಧ ಒಳಗೆ ಇರುವ ಹಲ್ಲೇ ಹೆಚ್ಚು ಉಪದ್ರ. ಅದರ ಮೇಲೆ ಒಸಡಿನ ಒಂದು ಮುಚ್ಚಳ ಇರ್ತದೆ, ಅದರಡಿಗೆ ಅನ್ನದ ಅಗುಳು ಹೋಗಿ ಕೂತು ಕೊಳೆತು ಬಾತುಕೊಂಡು ಕೀವಾಗ್ತದೆ, ಬಾಯಿ ತೆರೆಯಲಿಕ್ಕಾಗುವುದಿಲ್ಲ, ನುಂಗುವಾಗ ನೋವು. ನಾಲ್ಕು ದಿನ ಮಾತ್ರೆ ನುಂಗಿದ್ರೆ ಇಳೀತದೆ, ಎರಡು ತಿಂಗಳು ಕಳೆದು ಪುನಃ ಬರ್ತದೆ.

ಬುದ್ಧಿಹಲ್ಲು ಇದೆ ಅಂದ ಮಾತ್ರಕ್ಕೆ ತೆಗೆಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 2000ದಲ್ಲೇ ಮಾರ್ಗಸೂಚಿ ಬಂದಿದೆ, ಯಾವ ರೋಗವೂ ಇಲ್ಲದೆ ಒಳಗೇ ಸಿಕ್ಕಿಕೊಂಡಿರುವ ಬುದ್ಧಿಹಲ್ಲನ್ನು ಸುಮ್ಮನೆ ತೆಗೆಯಬಾರದು ಅಂತ. ಪದೇ ಪದೇ ಕೀವು, ಹುಳುಕು, ಪಕ್ಕದ ಹಲ್ಲಿಗೆ ಹಾನಿ, ಸುತ್ತ ಗಂಟು, ಇಂಥದ್ದು ಇದ್ರೆ ತೆಗೆಯಬೇಕು. ಯಾಕೆ ತೆಗೀತೀರಿ ಅಂತ ಡಾಕ್ಟ್ರಲ್ಲಿ ಕೇಳಿ, ಎಕ್ಸ್‌ರೇ ತೋರಿಸಿ ಹೇಳ್ತಾರೆ.

ಎಲ್ಲಿ, ಮತ್ತೆ ಎಂತ ಹೇಳ್ಬೇಕು

ಮೇಲಿನ ನೆಟ್ಟಗಿನ ಹಲ್ಲಾದ್ರೆ ಊರಿನ ಡೆಂಟಲ್ ಕ್ಲಿನಿಕ್ಕಲ್ಲೇ ಆಗ್ತದೆ. ಕೆಳಗಿನ ಅಡ್ಡ ಮಲಗಿದ ಹಲ್ಲಿಗೆ ಓರಲ್ ಸರ್ಜನ್ ಇದ್ರೆ ಒಳ್ಳೆಯದು. ನಮ್ಮ ಕಡೆಯವರಿಗೆ ಪೊಯಿನಾಚಿಯಲ್ಲಿ ಸೆಂಚುರಿ ಡೆಂಟಲ್ ಕಾಲೇಜು ಉಂಟು, ಕೆಳಗೆ ಪರಿಯಾರಂನಲ್ಲಿ ಸರಕಾರಿ ಡೆಂಟಲ್ ಕಾಲೇಜು, ತಲಪಾಡಿ ದಾಟಿದ್ರೆ ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೆನೆಪೋಯ. ಮಂಜೇಶ್ವರ, ಉಪ್ಪಳದವರಿಗೆ ದೇರಳಕಟ್ಟೆಯೇ ಹತ್ತಿರ, ಅಲ್ಲಿ ಕನ್ನಡ ತುಳು ಎರಡೂ ನಡೀತದೆ. ಎಕ್ಸ್‌ರೇ, ಸರ್ಜರಿ, ಔಷಧಿ, ಹೊಲಿಗೆ ತೆಗೆಯುವುದು ಎಲ್ಲ ಸೇರಿ ಎಷ್ಟಾಗ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಮೊದಲು ಓಪಿಜಿ ಅಂತ ಒಂದು ದೊಡ್ಡ ಎಕ್ಸ್‌ರೇ ತೆಗೀತಾರೆ, ಯಂತ್ರ ಮುಖದ ಸುತ್ತ ತಿರುಗಿ ಎರಡೂ ದವಡೆ ಒಟ್ಟಿಗೆ ಕಾಣಿಸ್ತದೆ. ಹಲ್ಲು ಎಷ್ಟು ಓರೆ, ಬೇರು ಎಷ್ಟು, ಕೆಳದವಡೆಯೊಳಗೆ ಹೋಗುವ ನರ ಬೇರಿಗೆ ಎಷ್ಟು ಹತ್ತಿರ ಅಂತ ಅದರಲ್ಲಿ ನೋಡ್ತಾರೆ. ಈ ನರವೇ ತುಟಿಗೆ, ಗಲ್ಲಕ್ಕೆ ಸ್ಪರ್ಶ ಕೊಡುವುದು. ಅದಕ್ಕೆ ಪೆಟ್ಟಾದ್ರೆ ಕೆಳತುಟಿ ಜೋಮು ಹಿಡಿದ ಹಾಗೆ ಕೆಲವು ವಾರ, ಕೆಲವು ತಿಂಗಳು ಇರಬಹುದು, ತೀರಾ ಅಪರೂಪಕ್ಕೆ ಹಾಗೇ ಉಳಿಯಲೂಬಹುದು. ಸಹಿ ಹಾಕಿಸುವ ಕಾಗದದಲ್ಲಿ ಇದು ಇರ್ತದೆ. ಆ ಕಾಗದ ಮಲಯಾಳದಲ್ಲೋ ಇಂಗ್ಲಿಷಲ್ಲೋ ಇದ್ದು ನಿಮಗೆ ಓದ್ಲಿಕ್ಕಾಗದಿದ್ರೆ ಓದಿ ಹೇಳಿ ಅಂತ ಕೇಳಿ, ನಾಚಿಕೆ ಮಾಡುವ ವಿಷಯವೇ ಅಲ್ಲ ಅದು. ಓದ್ಲಿಕ್ಕೆ ಬರುವ ಒಬ್ಬರನ್ನು ಕರ್ಕೊಂಡೇ ಹೋಗಿ, ಹೇಗೂ ವಾಪಸು ಬರುವಾಗ ಜೊತೆಗೆ ಜನ ಬೇಕು.

ಡಾಕ್ಟ್ರಿಗೆ ಬಚ್ಚಿಡದೆ ಹೇಳಬೇಕಾದ್ದು: ಶುಗರ್, ಬಿಪಿ, ಹೃದಯದ ತೊಂದರೆ, ಅಸ್ತಮಾ, ಗರ್ಭಿಣಿಯಾ, ಪೆನ್ಸಿಲಿನ್ ಅಲರ್ಜಿ, ಎಲುಬು ಸವೆತಕ್ಕೆ ಇಂಜೆಕ್ಷನ್ ತಗೊಂಡದ್ದು. ರಕ್ತ ತೆಳುಮಾಡುವ ಇಕೋಸ್ಪ್ರಿನ್, ಕ್ಲೋಪಿಡೊಗ್ರೆಲ್ ಮಾತ್ರೆ ತಗೊಳ್ಳುವವರು ನೀವಾಗಿಯೇ ನಿಲ್ಲಿಸ್ಬೇಡಿ, ಸ್ಟೆಂಟ್ ಹಾಕಿದವರಿಗಂತೂ ಅದು ಜೀವದ ಪ್ರಶ್ನೆ, ಹೃದಯದ ಡಾಕ್ಟ್ರು ಮತ್ತು ಹಲ್ಲಿನ ಡಾಕ್ಟ್ರು ಇಬ್ಬರಲ್ಲೂ ಕೇಳಿಯೇ ತೀರ್ಮಾನ. ಇನ್ನೊಂದು ನಮ್ಮ ಊರಿಗೇ ಸೇರಿದ್ದು. ಅಡಿಕೆ ತೋಟದ ಮನೆಯವಳು ನಾನು, ಆದ್ರೂ ಹೇಳ್ತೇನೆ, ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗ್ತದೆ, ಆಗ ಹಿಂದಿನ ಮೂಲೆಯ ಹಲ್ಲಿಗೆ ಕೈ ಹಾಕುವುದೇ ಕಷ್ಟ. ಎಲೆಯಡಿಕೆ, ಹೊಗೆಸೊಪ್ಪು, ಬೀಡಿ ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿ.

ಮೇಲಿನ ಹಲ್ಲು ತೆಗೆದ್ರೆ ಕಣ್ಣಿಗೆ ಪೆಟ್ಟು ಅಂತ ಈಗಲೂ ಹೇಳ್ತಾರೆ ಅಲ್ವಾ, ಆ ಹೆದರಿಕೆಯಲ್ಲೇ ನಮ್ಮ ಅಜ್ಜಿ ಹತ್ತು ವರ್ಷ ಹಲ್ಲುನೋವು ಸಹಿಸಿದವರು. ಹಲ್ಲಿನ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ಹಲ್ಲು ತೆಗೆಯುವುದರಿಂದ ದೃಷ್ಟಿ ಹೋಗುವುದಿಲ್ಲ.

ಆ ದಿನ

ಬರೀ ಆ ಜಾಗ ಮರಗಟ್ಟಿಸಿ ತೆಗೆಯುವುದಾದ್ರೆ ಹೊಟ್ಟೆಗೆ ತಿಂದೇ ಹೋಗಿ, ಖಾಲಿ ಹೊಟ್ಟೆಯಲ್ಲಿ ಹೋದವರಿಗೇ ಕುರ್ಚಿಯಲ್ಲಿ ತಲೆಸುತ್ತು ಬರುವುದು. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವುದಾದ್ರೆ ಮಾತ್ರ ಉಪವಾಸ, ಎಷ್ಟು ಗಂಟೆ ಅಂತ ಅವರೇ ಹೇಳ್ತಾರೆ. ಮಳೆಗಾಲದಲ್ಲಾದ್ರೆ ಒಂದು ಮುಂಜಾಗ್ರತೆ, ಕರೆಂಟ್ ಹೋಗಿ ಫ್ರಿಜ್ಜಲ್ಲಿ ಐಸ್ ಕರಗಿಹೋಗ್ತದೆ, ಬರುವ ದಾರಿಯಲ್ಲೇ ಐಸ್ ಎಲ್ಲಿ ಸಿಕ್ತದೆ ಅಂತ ನೋಡಿಟ್ಟುಕೊಳ್ಳಿ.

ಲಿಗ್ನೋಕೇನ್ ಇಂಜೆಕ್ಷನ್ ಕೊಡ್ತಾರೆ, ಅದರಲ್ಲಿ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಸೇರಿರ್ತದೆ, ಹಾಗಾಗಿ ಒಂದೆರಡು ನಿಮಿಷ ಎದೆ ಡವಡವ ಅಂತದೆ, ಗಾಬರಿ ಬೇಡ. ತುಟಿ, ಅರ್ಧ ನಾಲಗೆ ದಪ್ಪ ಆದ ಹಾಗೆ ಅನಿಸ್ತದೆ. ನಂತರ ಒಸಡು ಸ್ವಲ್ಪ ಕೊಯ್ದು ಬಿಡಿಸ್ತಾರೆ, ಎಲುಬು ಅಡ್ಡ ಇದ್ರೆ ನೀರು ಹಾಯಿಸ್ತಾ ಡ್ರಿಲ್ಲಲ್ಲಿ ಸ್ವಲ್ಪ ಸವೆಸ್ತಾರೆ, ಹಲ್ಲನ್ನೇ ಎರಡು ಮೂರು ತುಂಡು ಮಾಡಿ ತೆಗೀತಾರೆ. ನಾನು ತೆಗೆಸುವಾಗ ಚಟ್ ಅಂತ ಹಲ್ಲು ಒಡೆದ ಶಬ್ದ ಕೇಳಿ ದವಡೆಯೇ ಮುರಿಯಿತಾ ಅಂತ ಕೈಕಾಲು ತಣ್ಣಗಾಯ್ತು, ಯಾರೂ ಮೊದಲೇ ಹೇಳಿರ್ಲಿಲ್ಲ. ಅದು ಬೇಕಂತಲೇ ಒಡೆಯುವುದು. ಒತ್ತುವುದು, ಎಳೆಯುವುದು, ಶಬ್ದ ಎಲ್ಲ ಗೊತ್ತಾಗ್ತದೆ. ಚುಚ್ಚಿದ ಹಾಗೆ ನೋವು ಮಾತ್ರ ಆಗಬಾರದು, ಹಾಗೆ ನೋವಾದ್ರೆ ಎಡಗೈ ಎತ್ತಿ, ಇನ್ನೂ ಇಂಜೆಕ್ಷನ್ ಕೊಡ್ತಾರೆ. ಕೊನೆಗೆ ಹೊಲಿಗೆ ಹಾಕಿ ಬಟ್ಟೆಯ ಸಣ್ಣ ಉಂಡೆ ಇಟ್ಟು ಕಚ್ಚಿ ಹಿಡೀರಿ ಅಂತಾರೆ.

ಮೊದಲ 24 ಗಂಟೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದ್ರೆ ಇದನ್ನು ಓದಿ. ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರ್ತದೆ ಅಲ್ವಾ, ಆ ಹೆಪ್ಪೇ ಗಾಯಕ್ಕೆ ಮುಚ್ಚಳ, ಅದರ ಮೇಲೇ ಹೊಸ ಮಾಂಸ ಬೆಳೆಯುವುದು. ಅದನ್ನು ಅಲ್ಲಾಡಿಸದೆ ಉಳಿಸಿಕೊಳ್ಳುವುದೇ ನಮ್ಮ ಕೆಲಸ. ಆ ಉಂಡೆಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿ ಕಚ್ಚಿ ಹಿಡೀರಿ, ನಡುವೆ ನಡುವೆ ತೆಗೆದು ರಕ್ತ ನಿಂತಿದಾ ಅಂತ ನೋಡ್ಬೇಡಿ. ಬಾಯಲ್ಲಿ ಎಂಜಲು ಬಂದದ್ದನ್ನು ನುಂಗಿ, ಉಗಿಯಬೇಡಿ. ನಮ್ಮಲ್ಲಿ ಎಲೆ ಹಾಕಿ ಅಂಗಳದ ಬದಿಗೆ ಉಗಿದು ಅಭ್ಯಾಸ ಇದ್ದವರಿಗೆ ಇದು ತುಂಬ ಕಷ್ಟ, ತಿಳಿಯದೆ ಉಗಿದೇಬಿಡ್ತಾರೆ, ಮನೆಯವರೇ ಪಕ್ಕದಲ್ಲಿ ಕೂತು ನೆನಪು ಮಾಡ್ಬೇಕು. ಮುಕ್ಕಳಿಸುವುದು ಬೇಡ, ಸ್ಟ್ರಾ ಹಾಕಿ ಎಳನೀರು ಹೀರುವುದು ಬೇಡ (ಗ್ಲಾಸಿಗೆ ಹೊಯ್ದು ಕುಡೀರಿ), ಬೀಡಿ ಸಿಗರೇಟ್ ಬೇಡವೇ ಬೇಡ. ನಾಲಗೆ ತುದಿಯಿಂದ ಗುಂಡಿ ಮುಟ್ಟಿ ನೋಡುವುದೂ ಬೇಡ.

ಎಂಜಲು ಒಂದು ದಿನ ಕೆಂಪು ಕೆಂಪಾಗಿರ್ತದೆ, ಅದು ಸಹಜ. ಬಾಯಿ ತುಂಬ ರಕ್ತ ಬರ್ತಾ ಇದ್ರೆ ಶುದ್ಧ ಬಟ್ಟೆಯನ್ನು ದಪ್ಪಕ್ಕೆ ಮಡಚಿ, ಅಥವಾ ಒದ್ದೆ ಮಾಡಿ ಹಿಂಡಿದ ಟೀ ಬ್ಯಾಗ್ ಇಟ್ಟು ಪುನಃ ಅರ್ಧ ಗಂಟೆ ಕಚ್ಚಿ ಹಿಡೀರಿ. ಆಗಲೂ ನಿಲ್ಲದಿದ್ರೆ ಕಾಯಬೇಡಿ, ಹೊರಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗಿನಿಂದ 20 ನಿಮಿಷ ಇಟ್ಟು 20 ನಿಮಿಷ ಬಿಡಿ, ಬಿಸಿ ಶಾಖ ಈಗ ಕೊಡ್ಬೇಡಿ. ಮಲಗುವಾಗ ಎರಡು ತಲೆದಿಂಬು. ತುಟಿಯ ಮರಗಟ್ಟು ಮೂರರಿಂದ ಐದು ಗಂಟೆ ಇರ್ತದೆ, ಅಷ್ಟರವರೆಗೆ ಬಿಸಿ ಚಹಾ ಕುಡಿದ್ರೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಮಕ್ಕಳಾದ್ರೆ ತುಟಿ ಕಚ್ಚಿಕೊಳ್ತಾರೆ. ನೋವಿನ ಮಾತ್ರೆಯನ್ನು ಮರಗಟ್ಟು ಬಿಡುವ ಮೊದಲೇ ತಗೊಳ್ಳಿ, ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಆಂಟಿಬಯೋಟಿಕ್ ಕೊಟ್ಟಿದ್ರೆ ಹೇಳಿದಷ್ಟು ದಿನ ಮುಗಿಸಿ, ಅದರಲ್ಲಿ ಮೆಟ್ರೋನಿಡಜೋಲ್ ಇದ್ರೆ ಆ ದಿನಗಳಲ್ಲಿ ಮದ್ಯ ಮುಟ್ಟಬಾರದು.

ಊಟಕ್ಕೆಂತ ಅಂದ್ರೆ ತಣ್ಣಗಿನದ್ದು, ಮೆತ್ತಗಿನದ್ದು. ಮೊದಲ ದಿನ ಮಜ್ಜಿಗೆ, ತಣಿದ ಗಂಜಿತೆಳಿ, ರಾಗಿ ಮಣ್ಣಿ, ಹಿಸುಕಿದ ಬಾಳೆಹಣ್ಣು. ಕುಚ್ಚಲಕ್ಕಿ ಗಂಜಿ ಹಗುರ ಅಂತ ಎಲ್ಲರೂ ಕೊಡ್ತಾರೆ, ಆದ್ರೆ ಆ ದಪ್ಪ ಅಗುಳು ಸರಿಯಾಗಿ ಗುಂಡಿಗೇ ಹೋಗಿ ಕೂರ್ತದೆ, ಬೆಳ್ತಿಗೆ ಅಕ್ಕಿಯನ್ನು ಮೆತ್ತಗೆ ಬೇಯಿಸಿ ಮಿಕ್ಸಿಗೆ ಹಾಕಿ ಕೊಡಿ. ಒಂದೆಲಗದ ತಂಬುಳಿ ಖಾರ ಹಾಕದೆ ಮಾಡಿದ್ರೆ ಬಹಳ ಹಿತ. ಮೂರನೇ ದಿನದಿಂದ ನೀರುದೋಸೆ, ಒತ್ತುಶ್ಯಾವಿಗೆ ಆಗಬಹುದು, ಇನ್ನೊಂದು ಬದಿಯಲ್ಲಿ ಜಗಿಯಿರಿ. ಹಲಸಿನ ಹಪ್ಪಳ, ಚಕ್ಕುಲಿ, ಮಿಡಿ ಉಪ್ಪಿನಕಾಯಿ ಎರಡು ವಾರ ಮರೆತುಬಿಡಿ.

ಎರಡನೇ ದಿನದಿಂದ

ಮರುದಿನ ಎದ್ದು ಕನ್ನಡಿ ನೋಡಿದ್ರೆ ಬಾವು ನಿನ್ನೆಗಿಂತ ಹೆಚ್ಚು ಕಾಣ್ತದೆ, ಹಾಗೇ ಆಗುವುದು, ಎರಡು ಮೂರು ದಿನಕ್ಕೆ ತುದಿ ಮುಟ್ಟಿ ಆಮೇಲೆ ಇಳೀತದೆ. ಬಾಯಿ ಎರಡು ಬೆರಳಷ್ಟೂ ತೆರೆಯದಿರಬಹುದು, ಕೆನ್ನೆಯಲ್ಲಿ ನೀಲಿ ಹಳದಿ ಕಲೆ ಬರಬಹುದು. 24 ಗಂಟೆ ಕಳೆದ ಮೇಲೆ ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಬಾಯಲ್ಲಿ ಹಿಡಿದು ತಲೆಯನ್ನು ಆಚೆ ಈಚೆ ವಾಲಿಸಿ ತಾನಾಗಿ ಬೀಳ್ಲಿಕ್ಕೆ ಬಿಡಿ, ಕೆನ್ನೆ ಉಬ್ಬಿಸಿ ಮುಕ್ಕಳಿಸ್ಬೇಡಿ. ಉಳಿದ ಹಲ್ಲು ಬ್ರಶ್ ಮಾಡಿ. ಪೂಜೆಗೆ ಶಂಖ ಊದುವವರು, ಕೊಳಲು ನುಡಿಸುವವರು, ಮೇಳದಲ್ಲಿ ಪದ ಹೇಳುವವರು ಯಾವಾಗಿಂದ ಶುರುಮಾಡಬಹುದು ಅಂತ ಡಾಕ್ಟ್ರಲ್ಲಿ ಕೇಳಿಯೇ ಮಾಡಿ, ಅದರಲ್ಲೂ ಮೇಲಿನ ಹಲ್ಲಾದ್ರೆ ಅದರ ಬೇರು ಹೆಚ್ಚಾಗಿ ಸೈನಸ್ಸಿಗೆ (ಕೆನ್ನೆ ಎಲುಬಿನ ಒಳಗಿನ ಗಾಳಿಯ ಗೂಡು) ತೀರಾ ಹತ್ತಿರ ಇರ್ತದೆ.

ಮೂರನೇ ದಿನಕ್ಕೆ ನೋವು ಇಳಿಯುತ್ತಾ ಇರಬೇಕು. ಇಳಿಯುವ ಬದಲು ಏರಿ ಕಿವಿಗೆ, ಕಪಾಲಕ್ಕೆ ಹೊಡೀತಾ ಇದ್ರೆ, ಬಾಯಿ ವಾಸನೆ ಬಂದ್ರೆ, ಗುಂಡಿ ಖಾಲಿ ಕಂಡ್ರೆ ಅದು ಡ್ರೈ ಸಾಕೆಟ್. ಕಿವಿಯಲ್ಲಿ ಎಂತದೂ ಆಗಿರುವುದಿಲ್ಲ, ಹಲ್ಲಿಗೂ ಕಿವಿಗೂ ಒಂದೇ ನರದ ಕವಲು ಬರುವುದರಿಂದ ಹಾಗೆ ಅನಿಸುವುದು. ಬೀಡಿ ಸಿಗರೇಟ್ ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ, ಕೆಳಗಿನ ಹಲ್ಲಿಗೆ ಇದು ಹೆಚ್ಚು. ಮನೆಯಲ್ಲಿ ಲವಂಗದ ಎಣ್ಣೆ ಹೊಯ್ಯಬೇಡಿ, ಹಸಿ ಗಾಯ ಸುಟ್ಟುಹೋಗ್ತದೆ. ಡಾಕ್ಟ್ರು ಗುಂಡಿ ತೊಳೆದು ಔಷಧಿ ತುಂಬ್ತಾರೆ, ಅದರಲ್ಲಿ ಲವಂಗದ ಯುಜಿನಾಲೇ ಇರ್ತದೆ, ಆದ್ರೆ ಅಳತೆಯಲ್ಲಿ. ಚಿಕ್ಕಮ್ಮನಿಗೆ ಔಷಧಿ ತುಂಬಿಸಿ ಹೊರಗೆ ಬಂದು ಬೆಂಚಿನಲ್ಲಿ ಕೂತದ್ದಷ್ಟೇ, ಹತ್ತು ನಿಮಿಷದಲ್ಲಿ ಮುಖ ಸಡಿಲಾಯ್ತು, ಎರಡು ರಾತ್ರಿ ನಿದ್ದೆ ಮಾಡದವರು ಬದಿಯಡ್ಕ ಬಸ್ಸಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದ್ರು. ಮೊದಲೇ ಗೊತ್ತಿದ್ದಿದ್ರೆ ಆ ಎರಡು ರಾತ್ರಿ ಬರ್ತಿರ್ಲಿಲ್ಲ ಅಂತ ನನಗೆ ಈಗಲೂ ಸಂಕಟ ಆಗ್ತದೆ.

ಬೆಳಗಾಗುವವರೆಗೂ ಕಾಯಬಾರದ ಲಕ್ಷಣಗಳೂ ಉಂಟು. ಮೂರು ದಿನ ಕಳೆದ ಮೇಲೂ ಬಾವು ಏರ್ತಾ ಹೋಗುವುದು, ಚಳಿಜ್ವರ, ಗಲ್ಲದ ಅಡಿ ಅಥವಾ ನಾಲಗೆ ಅಡಿ ಗಟ್ಟಿಯಾಗಿ ಬಾತುಕೊಳ್ಳುವುದು, ಎಂಜಲು ನುಂಗ್ಲಿಕ್ಕೆ ಅಥವಾ ಉಸಿರಾಡ್ಲಿಕ್ಕೆ ಕಷ್ಟ ಆಗುವುದು. ಇದರಲ್ಲಿ ಗಲ್ಲದ ಅಥವಾ ನಾಲಗೆಯ ಅಡಿಯ ಗಟ್ಟಿ ಬಾವು, ನುಂಗುವ ಅಥವಾ ಉಸಿರಾಡುವ ಕಷ್ಟ ಕಂಡ್ರೆ ಹಲ್ಲಿನ ಕ್ಲಿನಿಕ್ ಅಲ್ಲ, ಸೀದಾ ದೊಡ್ಡ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಬೇಕು.

ಕಪ್ಪು ದಾರದ ಹೊಲಿಗೆಯಾದ್ರೆ ಸುಮಾರು ಏಳನೇ ದಿನ ತೆಗೀತಾರೆ, ಒಂದು ನಿಮಿಷದ ಕೆಲಸ, ಕರಗುವ ದಾರವಾದ್ರೆ ಅದೂ ಇಲ್ಲ. ಒಸಡು ಮುಚ್ಚಿಕೊಳ್ಳಲಿಕ್ಕೆ ಎರಡು ಮೂರು ವಾರ, ಒಳಗೆ ಎಲುಬು ತುಂಬಲಿಕ್ಕೆ ಕೆಲವು ತಿಂಗಳು ಬೇಕು. ಅಷ್ಟರವರೆಗೆ ಊಟ ಆದ ಮೇಲೆಲ್ಲ ಗುಂಡಿಯಲ್ಲಿ ಏನಾದ್ರೂ ಸಿಕ್ಕಿಕೊಳ್ತದೆ, ಕಡ್ಡಿ ಹಾಕಿ ಕೆದಕಬೇಡಿ. ಹೊಲಿಗೆ ತೆಗೆಯುವ ದಿನ ಸೂಜಿ ಇಲ್ಲದ ಒಂದು ಸಣ್ಣ ಸಿರಿಂಜ್ ಕೇಳಿ ತಗೊಳ್ಳಿ, ಅದರಲ್ಲಿ ಉಪ್ಪುನೀರು ತುಂಬಿ ಮೆಲ್ಲ ಬಿಟ್ರೆ ತೊಳೆದು ಹೋಗ್ತದೆ, ಯಾವ ದಿನದಿಂದ ಹಾಗೆ ಮಾಡಬಹುದು ಅಂತ ಅಲ್ಲೇ ಕೇಳಿ ಕಾಗದದ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.