ರಂಗದ ಲಾಟೀನು ನಡುವೆ ಆರದಂತೆ ಮಾಡುವುದು ಹೇಗೆ?

1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ ಈ ಸೀಮೆಯಲ್ಲಿ ಹವ್ಯಾಸಿ ನಾಟಕ ತಂಡಗಳಿಗೆ ಬರವಿಲ್ಲ. ಮಳೆಗಾಲ ಮುಗಿದೊಡನೆ ಕೆಟ್ಟ ಬ್ಯಾಟರಿ ಲಾಟೀನು ಹಿಡಿದುಕೊಂಡು ನನ್ನಲ್ಲಿಗೆ ಬರುವವರಿಗೂ ಬರವಿಲ್ಲ. ಮನೆಯಲ್ಲಿ ಚೆನ್ನಾಗಿ ಉರಿದ ದೀಪ, ರಂಗದ ಮೇಲೆ ನಟ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಆರಿತೆಂಬುದು ಅವರ ದೂರು. ದೀಪವನ್ನು ಮಿನುಗಿಸುವ ಪ್ರೋಗ್ರಾಮನ್ನೇ ಎಲ್ಲರೂ ಶಂಕಿಸುತ್ತಾರೆ. ಬಿಚ್ಚಿ ನೋಡಿದರೆ ತಪ್ಪಿರುವುದು ಹೆಚ್ಚಾಗಿ ಬೆಸುಗೆಯಲ್ಲಿ.

ಮೊದಲು ಸಾಮಾನು ಹೊಂದಿಸಿಕೊಳ್ಳಿ: ಒಂದು ಆರ್ಡುಯಿನೋ ನ್ಯಾನೋ (ಪ್ರೋಗ್ರಾಮು ತುಂಬಬಹುದಾದ ಪುಟ್ಟ ಬೋರ್ಡು), ಪ್ರೋಗ್ರಾಮಿನಿಂದ ಬಣ್ಣ ಬದಲಿಸಬಹುದಾದ ಡಬ್ಲ್ಯೂಎಸ್ 2812ಬಿ ಬಗೆಯ ಏಳು ಎಲ್‌ಇಡಿಗಳ ಪಟ್ಟಿ, 330 ಓಮ್‌ನ ರೆಸಿಸ್ಟರ್, 1000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್, ಸ್ವಿಚ್ಚು ಮತ್ತು ಹಳೆಯ ಲಾಟೀನು. ಅದರ ಗಾಜಿನ ಬುರುಡೆಯನ್ನು ತೆಗೆದು ಪ್ಲಾಸ್ಟಿಕ್ಕಿನದನ್ನು ಹಾಕಿ, ಒಳಗೆ ಬಟರ್ ಪೇಪರ್ ಸುತ್ತಿ.

ವಿದ್ಯುತ್ತಿಗೆ ಪವರ್ ಬ್ಯಾಂಕ್ ಬೇಡವೇ ಬೇಡ. ಇಷ್ಟು ಸಣ್ಣ ದೀಪ ಎಳೆಯುವ ಕರೆಂಟು ಸಾಲದೆ, ಫೋನ್ ಚಾರ್ಜಾಗಿ ಮುಗಿಯಿತೆಂದು ತಿಳಿದು ಅನೇಕ ಪವರ್ ಬ್ಯಾಂಕುಗಳು ತಾವಾಗಿಯೇ ಬಂದಾಗಿಬಿಡುತ್ತವೆ. ಮರುಚಾರ್ಜ್ ಮಾಡುವ ನಾಲ್ಕು ನಿಕಲ್ ಮೆಟಲ್ ಹೈಡ್ರೈಡ್ ಎಎ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 4.8 ವೋಲ್ಟ್ ಸಿಗುತ್ತದೆ. ಅದನ್ನು ನ್ಯಾನೋದ 5 ವೋಲ್ಟ್ ಕಾಲಿಗೆ ಕೊಡಿ. ಚಾರ್ಜರಿನಿಂದ ಆಗಷ್ಟೇ ತೆಗೆದ ಸೆಲ್‌ಗಳ ವೋಲ್ಟೇಜು ಏರಿರುತ್ತದೆಯಾದ್ದರಿಂದ ಅವುಗಳನ್ನು ಹಿಂದಿನ ದಿನವೇ ಚಾರ್ಜ್ ಮಾಡಿಟ್ಟುಕೊಳ್ಳಿ. ಅಂಗಡಿಯ ಸಾಮಾನ್ಯ ಸೆಲ್ ನಾಲ್ಕು ಸೇರಿದರೆ 6 ವೋಲ್ಟ್ ಆಗಿ, ನ್ಯಾನೋದ ಚಿಪ್‌ಗೆ ಹೇಳಿರುವ 5.5 ವೋಲ್ಟಿನ ಮಿತಿ ಮೀರುತ್ತದೆ.

ಈಗ ಬೆಸುಗೆ. ತಾಪ ನಿಯಂತ್ರಿಸಬಹುದಾದ ಕಾವಿಯನ್ನು (ಸೋಲ್ಡರಿಂಗ್ ಐರನ್) 350 ಡಿಗ್ರಿ ಸೆಲ್ಸಿಯಸ್ಸಿಗೆ ಇಡಿ. ತೀರ ಅಗ್ಗದ ಕಾವಿಯ ಮೊನೆ ಕರಕಲಾಗಿ ಸೀಸವನ್ನೇ (ಬೆಸುಗೆಗೆ ಕರಗಿಸುವ ಸೋಲ್ಡರ್) ಹಿಡಿಯುವುದಿಲ್ಲ. ಒಳಗೇ ರಾಳ ತುಂಬಿದ ಸೀಸದ ತಂತಿಯನ್ನು ಬಳಸಿ, ನಲ್ಲಿ ಕೆಲಸದವರು ಬೆಸುಗೆ ಹಿಡಿಯಲೆಂದು ಹಚ್ಚುವ ಆಮ್ಲದ ಫ್ಲಕ್ಸನ್ನು ಹತ್ತಿರಕ್ಕೂ ತರಬೇಡಿ, ಏಕೆಂದರೆ ಅದರ ಶೇಷ ಮಲೆನಾಡಿನ ಥಂಡಿಯಲ್ಲಿ ತಾಮ್ರವನ್ನು ಬೇಗನೆ ತಿನ್ನುತ್ತದೆ. ವೈರಿನ ತುದಿಯನ್ನು ಮೂರು ಮಿಲಿಮೀಟರಿನಷ್ಟೇ ಸುಲಿದು, ಎಳೆಗಳನ್ನು ಹೊಸೆದು, ಮೊದಲು ಅದಕ್ಕೂ ಪಟ್ಟಿಯ ತಾಮ್ರದ ಮಚ್ಚೆಗೂ ಬೇರೆಬೇರೆಯಾಗಿ ತೆಳುವಾಗಿ ಸೀಸ ಹಚ್ಚಿ. ಬಳಿಕ ಎರಡನ್ನೂ ತಾಗಿಸಿ ಕಾವಿಯಿಂದ ಒಟ್ಟಿಗೇ ಕಾಯಿಸಿ, ಸೀಸವನ್ನು ಕಾವಿಗಲ್ಲದೆ ಕಾದ ಜಾಗಕ್ಕೆ ಮುಟ್ಟಿಸಬೇಕು. ಅದು ಹರಿದು ಹೊಳೆದ ಕೂಡಲೇ ಕಾವಿ ತೆಗೆದು, ಆರುವವರೆಗೆ ಕೈ ಅಲುಗಿಸದೆ ಹಿಡಿದಿರಬೇಕು. ಕಾವಿಯ ಮೇಲೆ ಕರಗಿಸಿ ತಂದು ಮೆತ್ತಿದ ಸೀಸ ಉಂಡೆಯಾಗಿ ಕೂರುತ್ತದೆ, ನೋಡಲು ಗಟ್ಟಿಯಾಗಿದ್ದರೂ ಅಂಟಿರುವುದಿಲ್ಲ. ಪಟ್ಟಿಯ ಮೇಲಿನ ಬಾಣದ ಗುರುತು ನ್ಯಾನೋದಿಂದ ಆಚೆಗೆ ಮುಖ ಮಾಡಿರಲಿ. ಡೇಟಾ ವೈರಿನ ನಡುವೆ ರೆಸಿಸ್ಟರ್, ಪಟ್ಟಿಯ ಪ್ಲಸ್ ಮೈನಸ್‌ಗಳ ನಡುವೆ ಕೆಪ್ಯಾಸಿಟರ್, ಅದರ ಬಿಳಿ ಗೆರೆಯಿರುವ ಕಾಲು ಮೈನಸ್ಸಿಗೆ. ಕೊನೆಗೆ ವೈರುಗಳನ್ನು ಬೆಸುಗೆಯ ಹಿಂದೆಯೇ ಲಾಟೀನಿನ ಮೈಗೆ ಬಿಗಿಯಾಗಿ ಕಟ್ಟಿ. ಲಾಟೀನು ತೂಗಿದಾಗ ಆ ಎಳೆತ ಕಟ್ಟಿನ ಮೇಲೆ ಬೀಳಲಿ. ಗ್ಲೂ ಗನ್ನಿನ ಅಂಟೊಂದನ್ನೇ ನಂಬುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ.

ಪ್ರೋಗ್ರಾಮು ಸುಲಭ: ಕೆಂಪು ಹೆಚ್ಚು, ಹಸಿರು ಅದರ ಮೂರನೆಯ ಒಂದು ಭಾಗ, ನೀಲಿ ಸೊನ್ನೆ, ಬೆಳಕಿನ ಪ್ರಮಾಣವನ್ನು 40ರಿಂದ 120 ಮಿಲಿಸೆಕೆಂಡಿಗೊಮ್ಮೆ ಯಾದೃಚ್ಛಿಕವಾಗಿ ತುಸು ಏರಿಳಿಸಿ, ಪೂರ್ತಿ ಆರಿಸಬೇಡಿ.

ಪ್ರದರ್ಶನದ ಹಿಂದಿನ ದಿನ ಲಾಟೀನನ್ನು ಹಿಡಿದು ಹತ್ತು ನಿಮಿಷ ಜೋರಾಗಿ ನಡೆದಾಡಿ. ಮಿನುಗು ತಪ್ಪಿದರೆ ಪ್ರೋಗ್ರಾಮು ಮುಟ್ಟದೆ, ವೈರುಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿ.