ಕಲ್ಲಿನ ಗೋಡೆಯ ಮನೆಗೆ ಮೆಶ್ ವೈಫೈ: ಡಬ್ಬಿ ಎಲ್ಲಿಡಬೇಕು?

ಕಲಬುರಗಿಯ ಹಳೇ ಮನೆಗಳ ಕಲ್ಲಿನ ಗೋಡೆ ಎಷ್ಟು ದಪ್ಪ ಅಂತ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಒಳಗೆ ತಂಪು, ಆದರೆ ವೈಫೈ ಮಾತ್ರ ದಾಟಿ ಬರುವುದಿಲ್ಲ. ನಮ್ಮ ಮನೆಯಲ್ಲಿ ರೂಟರ್ ಪಡಸಾಲೆಯಲ್ಲಿದೆ, ಮಗಳು ಓದುವುದು ಹಿಂದಿನ ಕೋಣೆಯಲ್ಲಿ. ಅಲ್ಲಿ ವಿಡಿಯೋ ಪಾಠ ನಿಂತು ನಿಂತು ಬರುತ್ತಿತ್ತು. ಇದಕ್ಕೆ ಮದ್ದು ಮೆಶ್, ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟ ಡಬ್ಬಿಗಳು ಸೇರಿ ಒಂದೇ ವೈಫೈ ಆಗಿ ಕೆಲಸ ಮಾಡುವ ಏರ್ಪಾಡು.

ಸಿಗ್ನಲ್ ಇಲ್ಲದ ಕೋಣೆಯಲ್ಲೇ ರಿಪೀಟರ್ (ರೂಟರ್ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ) ಸಿಕ್ಕಿಸಬೇಡಿ. ನಾನು ಮೊದಲು ಮಾಡಿದ್ದು ಅದನ್ನೇ. ಫೋನಿನಲ್ಲಿ ಗೆರೆ ತುಂಬಾ ಕಾಣುತ್ತದೆ, ನೆಟ್ ಮಾತ್ರ ಓಡುವುದಿಲ್ಲ, ಯಾಕಂದ್ರೆ ರಿಪೀಟರ್‌ಗೇ ಸರಿಯಾಗಿ ಸಿಗದಿದ್ದರೆ ಅದು ಮುಂದೆ ಏನು ಕೊಡುತ್ತದೆ? ರಿಪೀಟರ್ ಆಗಲಿ, ಮೆಶ್ ಡಬ್ಬಿಯಾಗಲಿ, ಇಡಬೇಕಾದದ್ದು ನಡುವೆ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ. ಫೋನಿಗೆ ಒಂದು ವೈಫೈ ಅನಲೈಸರ್ ಆಪ್ ಹಾಕಿಕೊಂಡು ಮನೆ ತುಂಬಾ ಓಡಾಡಿ. ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ) ಸುತ್ತಮುತ್ತ ತೋರಿಸುವ ಜಾಗ ಒಳ್ಳೆಯದು. ಮೈನಸ್ 75ಕ್ಕಿಂತ ಕೆಳಗಿಳಿದರೆ ರೂಟರ್ ಕಡೆಗೆ ಹಿಂದಕ್ಕೆ ಬನ್ನಿ. ಆದಷ್ಟು ಬಾಗಿಲಿನ ನೇರಕ್ಕೆ, ಎದೆಯೆತ್ತರದಲ್ಲಿ ಇಡಿ. ಕೂಲರ್ ಮತ್ತು ಕಬ್ಬಿಣದ ಅಲ್ಮಾರಿಯಿಂದ ದೂರ ಇರಲಿ, ತಗಡು, ನೀರು ಎರಡೂ ಸಿಗ್ನಲ್ ತಡೆಯುತ್ತವೆ.

ಸೆಟಪ್ ಕಷ್ಟ ಇಲ್ಲ. ಮೊದಲು ಎಲ್ಲ ಡಬ್ಬಿಗಳನ್ನೂ ಮುಖ್ಯ ರೂಟರ್ ಪಕ್ಕದಲ್ಲೇ ಆನ್ ಮಾಡಿ, ಕಂಪನಿಯ ಆಪ್‌ನಲ್ಲಿ ಜೋಡಿಸಿ, ಆಮೇಲೆ ಜಾಗಕ್ಕೆ ಒಯ್ಯಿರಿ. ಫೈಬರ್‌ನವರು ಕೊಟ್ಟ ಡಬ್ಬಿಯೇ ರೂಟರ್ ಕೆಲಸ ಮಾಡುತ್ತಿದ್ದರೆ ಮೆಶ್ ಅನ್ನು ಬರೀ ವೈಫೈ ಹಂಚುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆ ಹಳೇ ಡಬ್ಬಿಯ ವೈಫೈ ಬಂದ್ ಮಾಡಿ. ಎರಡು ರೂಟರ್ ಒಂದರ ಹಿಂದೊಂದು ಕೂತರೆ ಆಟ, ಕ್ಯಾಮೆರಾ ಇಂಥವು ಕೈಕೊಡುತ್ತವೆ. ಆಮೇಲೆ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸುವುದನ್ನು ಮರೆಯಬೇಡಿ.

ಸಾದಾ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುತ್ತದೆ, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಟ್ರೈಬ್ಯಾಂಡ್ (ಮೂರು ರೇಡಿಯೋ ಇರುವ) ಮೆಶ್‌ನಲ್ಲಿ ಡಬ್ಬಿಗಳ ನಡುವಿನ ಮಾತಿಗೇ ಒಂದು ರೇಡಿಯೋ ಬೇರೆ ಇಡಬಹುದು, ಆದರೆ ದುಬಾರಿ. ವೈಫೈ ಓಡುವ ತರಂಗಗಳಲ್ಲಿ 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. ಅದರಲ್ಲಿ ಚಾನೆಲ್ 1, 6, 11 ಈ ಮೂರರಲ್ಲಿ ಯಾವುದು ಖಾಲಿಯೋ ಅದನ್ನು ಆರಿಸಿ.

ನಡುವೆ ಎರಡು ಕಲ್ಲಿನ ಗೋಡೆ ಇದ್ದರೆ ಸುಮ್ನೆ ಹಣ ಸುರಿಯಬೇಡಿ, ರೂಟರ್ ಇಂದ ಹಿಂದಿನ ಡಬ್ಬಿಗೆ ಒಂದು ಕ್ಯಾಟ್ 6 ವೈರ್ (ನೆಟ್ ಕೇಬಲ್) ಎಳೆಸಿ. 100 ಮೀಟರ್ ತನಕ ಗಿಗಾಬಿಟ್ ವೇಗ ಕಡಿಮೆಯಾಗದೆ ಓಡುತ್ತದೆ. ನಾನು ಬಾಗಿಲ ಚೌಕಟ್ಟಿನ ಮೇಲಿಂದ ಎಳೆಸಿದೆ, ಗೋಡೆ ಕೊರೆಯುವ ಕೆಲಸವೇ ಬರಲಿಲ್ಲ.

ನಮ್ಮ ಕಡೆ ಇನ್ನೊಂದು ವಿಷಯ ಬಿಸಿಲು. ಎಷ್ಟೋ ರೂಟರ್‌ಗಳ ವಿವರದಲ್ಲಿ 40 ಡಿಗ್ರಿ ತನಕ ಎಂದಿರುತ್ತದೆ, ಮೇ ತಿಂಗಳಲ್ಲಿ ಇಲ್ಲಿ ಹೊರಗೇ ಅದಕ್ಕಿಂತ ಜಾಸ್ತಿ ಅಲ್ವಾ? ತಗಡಿನ ಶೀಟಿನ ಕೆಳಗೆ ಇಡಲೇಬೇಡಿ, ಸುತ್ತ ಗಾಳಿಯಾಡಲು ಜಾಗ ಬಿಡಿ. ಕರೆಂಟ್ ಹೋದಾಗಲೂ ನೆಟ್ ಬೇಕಿದ್ದರೆ ಫೈಬರ್ ಡಬ್ಬಿ, ರೂಟರ್, ನಡುವಿನ ಮೆಶ್ ಡಬ್ಬಿ ಮೂರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಒಂದು ಆರಿದರೂ ಹಿಂದಿನ ಕೋಣೆಗೆ ನೆಟ್ ಮುಟ್ಟುವುದಿಲ್ಲ.